ಹತ್ತೋ, ಹನ್ನೊಂದೋ, ಲಿನಕ್ಸೋ? ಮಂಡ್ಯದ ಮೇಷ್ಟ್ರಿಗೆ ಉತ್ತರ

ಪ್ರಶ್ನೆ: ನಾನು ಮಂಡ್ಯದ ನಿವೃತ್ತ ಕನ್ನಡ ಮೇಷ್ಟ್ರು. 2016ರಲ್ಲಿ ಮೈಸೂರಿನಲ್ಲಿ ಜೋಡಿಸಿ ತಂದ ಕಂಪ್ಯೂಟರ್ ಇದೆ. ಐ3-6100 ಪ್ರೊಸೆಸರ್, 4 ಜಿಬಿ ರ‍್ಯಾಮ್, 1 ಟಿಬಿ ಹಾರ್ಡ್ ಡಿಸ್ಕ್, ವಿಂಡೋಸ್ 10. ನಾನು 'ನುಡಿ' ಅನ್ನುವ ಕನ್ನಡ ತಂತ್ರಾಂಶದಲ್ಲಿ ಬರೆಯುತ್ತೇನೆ. ಸೊಸೆ ನಮ್ಮ ಗೊಬ್ಬರದ ಅಂಗಡಿಯ ಲೆಕ್ಕವನ್ನು ಟ್ಯಾಲಿಯಲ್ಲಿ ಇಡುತ್ತಾಳೆ. ಮೊಮ್ಮಗ ಒಂಬತ್ತನೇ ಕ್ಲಾಸು. ಈಗೀಗ ಆನ್ ಮಾಡಿ ಕಾಫಿ ಕುಡಿದು ಬಂದರೂ ತೆರೆದಿರುವುದಿಲ್ಲ. ಮೇಲಿಂದ 'ಸಪೋರ್ಟ್ ಮುಗಿದಿದೆ' ಅಂತ ಪರದೆಯಲ್ಲಿ ಬರುತ್ತಿದೆ. ರಿಪೇರಿ ಹುಡುಗ ವಿಂಡೋಸ್ ಹನ್ನೊಂದು ಹಾಕಿಕೊಡ್ತೀನಿ ಅಂತಾನೆ. ಭಾವಮೈದ ಏಳೇ ಚೆನ್ನಾಗಿತ್ತು, ಅದನ್ನೇ ಹಾಕಿಸಿ ಅಂತಾನೆ. ಬೆಂಗಳೂರಿನಲ್ಲಿರುವ ತಂಗಿ ಮಗ ವಿಂಡೋಸೇ ಬೇಡ, ಅದರ ಬದಲಿಗೆ ಪುಕ್ಕಟೆ ಸಿಗುವ ಲಿನಕ್ಸ್ ಹಾಕಿ ಮಾವ ಅಂತಾನೆ. ಯಾರ ಮಾತು ಕೇಳಲಿ?

ಉತ್ತರ: ಮೇಷ್ಟ್ರೇ, ನಿಮ್ಮ ಕಂಪ್ಯೂಟರ್‌ಗೆ ಎರಡು ಬೇರೆ ಬೇರೆ ಕಾಯಿಲೆ ಇವೆ. ನಿಧಾನ ಆಗಿರುವುದು ಒಂದು. ವಿಂಡೋಸ್ 10ರ ಅವಧಿ ಮುಗಿದಿರುವುದು ಇನ್ನೊಂದು. ಎರಡೂ ಒಟ್ಟಿಗೆ ಕಾಣಿಸಿಕೊಂಡಿದ್ದರಿಂದ ಒಂದರಿಂದಲೇ ಇನ್ನೊಂದು ಬಂತು ಅನ್ನಿಸುತ್ತದೆ. ಹಾಗೇನಿಲ್ಲ. ನಿಮ್ಮ ಮೂವರು ಸಲಹೆಗಾರರೂ ಎರಡಕ್ಕೂ ಸೇರಿಸಿ ಒಂದೇ ಮಾತ್ರೆ ಬರೆದುಕೊಟ್ಟಿದ್ದಾರೆ, ಅದಕ್ಕೇ ಗೊಂದಲ.

ನಿಧಾನದ ಕಥೆ ಮೊದಲು ಮುಗಿಸೋಣ. ಕಂಪ್ಯೂಟರ್ ಆನ್ ಆದ ಮೇಲೆ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರೂ ಕೀ ಒಟ್ಟಿಗೆ ಒತ್ತಿ. ಟಾಸ್ಕ್ ಮ್ಯಾನೇಜರ್ ತೆರೆಯುತ್ತದೆ. ಪುಟ್ಟದಾಗಿ ಬಂದರೆ ಕೆಳಗಿರುವ 'ಮೋರ್ ಡೀಟೇಲ್ಸ್' ಒತ್ತಿ. ಡಿಸ್ಕ್ ಅನ್ನುವ ಕಾಲಂ ಮೇಲೆ 100% ಅಂತ ಇದ್ದು, ಸಿಪಿಯು ಹತ್ತು ಇಪ್ಪತ್ತರಲ್ಲೇ ಕೂತಿದ್ದರೆ ನಿಮ್ಮ ಪ್ರೊಸೆಸರ್ ಕೈಕಟ್ಟಿಕೊಂಡು ಕಾಯುತ್ತಿದೆ ಅಂತ ಅರ್ಥ. ನಿಮ್ಮದರಲ್ಲಿ ಹಾಗೇ ಇರುತ್ತದೆ, ನೋಡದೆಯೇ ಹೇಳಬಲ್ಲೆ.

ಹಾರ್ಡ್ ಡಿಸ್ಕ್ ಒಳಗೆ ತಿರುಗುವ ತಟ್ಟೆ ಇದೆ. ಅದರ ಮೇಲೆ ಓಡಾಡುವ ಒಂದು ಕೈ ಇದೆ. ಬೇಕಾದ ಜಾಗಕ್ಕೆ ಆ ಕೈ ಹೋಗಬೇಕು, ತಟ್ಟೆ ತಿರುಗಿ ಅಲ್ಲಿಗೆ ಬರಬೇಕು. ಹೀಗೆ ಚೆದುರಿದ ಜಾಗಗಳಿಂದ ಅದು ಸೆಕೆಂಡಿಗೆ ಸುಮಾರು 100 ಸಲ ಓದಬಲ್ಲದು, ಅಷ್ಟೇ. ತಾಲೂಕು ಕಚೇರಿಯ ರೆಕಾರ್ಡ್ ರೂಮಿನಲ್ಲಿ ಒಬ್ಬನೇ ಅಟೆಂಡರ್ ಇದ್ದು, ಪ್ರತಿ ಪಹಣಿಗೂ ಎದ್ದು ಹೋಗಿ ಬಂದ ಹಾಗೆ. ವಿಂಡೋಸ್ 10 ಶುರುವಾಗುವಾಗ ಕೇಳುವುದು ಸಾವಿರಾರು ಚಿಲ್ಲರೆ ಕಡತ. ಜೊತೆಗೆ ನಿಮ್ಮ ರ‍್ಯಾಮ್ 4 ಜಿಬಿ. ಬ್ರೌಸರ್, ಟ್ಯಾಲಿ, ನುಡಿ ಮೂರೂ ತೆರೆದರೆ ಅದು ತುಂಬಿ ಹೋಗುತ್ತದೆ. ಮಿಕ್ಕಿದ್ದನ್ನು ವಿಂಡೋಸ್ ಅದೇ ಡಿಸ್ಕ್ ಮೇಲೆ ಬರೆದಿಡುತ್ತದೆ. ಮೊದಲೇ ಸುಸ್ತಾದ ಅಟೆಂಡರ್‌ಗೆ ಇನ್ನೊಂದು ಹೊರೆ.

ಇದಕ್ಕೆ ಮದ್ದು, ಹಾರ್ಡ್ ಡಿಸ್ಕ್ ಜಾಗಕ್ಕೆ ಹಾಕುವ ಎಸ್‌ಎಸ್‌ಡಿ. ತಿರುಗುವ ತಟ್ಟೆ ಇಲ್ಲ, ಕೈ ಇಲ್ಲ. ನಿಮ್ಮ ಬೋರ್ಡ್‌ಗೆ ಕೂರುವ ಸಾಟಾ ಎಸ್‌ಎಸ್‌ಡಿಯೂ ಅದೇ ಚಿಲ್ಲರೆ ಓದನ್ನು ಸೆಕೆಂಡಿಗೆ ಹತ್ತಾರು ಸಾವಿರ ಸಲ ಮಾಡುತ್ತದೆ. 500 ಜಿಬಿ ಸಾಕು. ರ‍್ಯಾಮ್ 8 ಜಿಬಿ ಮಾಡಿಸಿದರೆ ಇನ್ನೂ ಒಳ್ಳೆಯದು. ಆದರೆ ಈಚೆಗೆ ರ‍್ಯಾಮ್ ಬೆಲೆ ಏರಿ ಕೂತಿದೆ, ಎರಡಕ್ಕೂ ಕೈ ಬಿಚ್ಚಲಾಗದಿದ್ದರೆ ಎಸ್‌ಎಸ್‌ಡಿ ಮೊದಲು. ರ‍್ಯಾಮ್ ತರುವ ಮುಂಚೆ ಹಳೆಯದನ್ನು ಬಿಚ್ಚಿ ಅಂಗಡಿಯವರಿಗೆ ತೋರಿಸಿ. ನಿಮ್ಮ ಪ್ರೊಸೆಸರ್ ಆರನೇ ಪೀಳಿಗೆಯದು, ಆ ಪೀಳಿಗೆಯ ಬೋರ್ಡ್‌ಗಳಲ್ಲಿ ಡಿಡಿಆರ್4 ಬಗೆಯ ರ‍್ಯಾಮ್ ಹಾಕುವವೂ ಇದ್ದವು, ಡಿಡಿಆರ್3 ಹಾಕುವವೂ ಇದ್ದವು. ಒಂದರ ಜಾಗಕ್ಕೆ ಇನ್ನೊಂದು ಕೂರುವುದಿಲ್ಲ.

ಇಷ್ಟು ಮಾಡಿದರೆ ನಿಮ್ಮ ಕಾಫಿ ಬಿಸಿ ಇರುವಾಗಲೇ ಕಂಪ್ಯೂಟರ್ ತೆರೆದಿರುತ್ತದೆ. ಯಾವ ವಿಂಡೋಸನ್ನೂ ಬದಲಾಯಿಸದೆ.

ಈಗ ಎರಡನೆಯದು. ವಿಂಡೋಸ್ 10 ಬಂದಿದ್ದು 2015ರ ಜುಲೈ 29ಕ್ಕೆ. ಅದರ ಸಪೋರ್ಟ್ ಮುಗಿದಿದ್ದು 2025ರ ಅಕ್ಟೋಬರ್ 14ಕ್ಕೆ. ಮುಗಿಯಿತು ಅಂದರೆ ಕಂಪ್ಯೂಟರ್ ನಿಲ್ಲುವುದಿಲ್ಲ. ನಾಳೆಯೂ ಓಡುತ್ತದೆ, ಮುಂದಿನ ವರ್ಷವೂ ಓಡುತ್ತದೆ. ನಿಂತು ಹೋಗುವುದು ತೇಪೆ. ಇಷ್ಟು ದೊಡ್ಡ ತಂತ್ರಾಂಶದಲ್ಲಿ ತೂತುಗಳು ಸಿಗುತ್ತಲೇ ಇರುತ್ತವೆ. ಮೈಕ್ರೋಸಾಫ್ಟ್ ಪ್ರತಿ ತಿಂಗಳ ಎರಡನೇ ಮಂಗಳವಾರ ಅವನ್ನು ಮುಚ್ಚುವ ಅಪ್‌ಡೇಟ್ ಬಿಡುತ್ತದೆ. ನಮಗೆ ಅದು ಆ ರಾತ್ರಿಯೋ ಬುಧವಾರವೋ ಬರುತ್ತದೆ. ಸಪೋರ್ಟ್ ಮುಗಿದ ವರ್ಷನ್‌ಗೆ ಆ ಬುಧವಾರ ಬರುವುದೇ ಇಲ್ಲ.

ಬರದಿದ್ದರೆ ಏನಾಯ್ತು ಅನ್ನುವವರಿಗೆ ನಾನು 2017ನ್ನು ನೆನಪಿಸುತ್ತೇನೆ. ಆ ವರ್ಷ ಮೇ ತಿಂಗಳಲ್ಲಿ ವಾನಾಕ್ರೈ ಅನ್ನುವ ವೈರಸ್ ಲೋಕವನ್ನೆಲ್ಲ ಸುತ್ತಿತು. ಕಡತಗಳಿಗೆ ಬೀಗ ಹಾಕಿ ದುಡ್ಡು ಕೇಳಿತು. ಅದು ನುಗ್ಗಿದ ತೂತನ್ನು ಮಾರ್ಚ್‌ನಲ್ಲೇ ಮೈಕ್ರೋಸಾಫ್ಟ್ ಮುಚ್ಚಿತ್ತು. ಎರಡು ತಿಂಗಳ ಹಿಂದೆಯೇ! ಅಪ್‌ಡೇಟ್ ಹಾಕಿಕೊಂಡವರಿಗೆ ಆ ತೂತಿನಿಂದ ಏನೂ ಆಗಲಿಲ್ಲ. ಹೊಡೆತ ತಿಂದವರಲ್ಲಿ ಜಾಸ್ತಿ ಜನ ಅಪ್‌ಡೇಟ್ ಹಾಕದ ವಿಂಡೋಸ್ 7ರವರು. ಹೀಗಾಗಿ ಯಾವ ವರ್ಷನ್ ಚೆನ್ನಾಗಿದೆ ಅಂತ ಯಾರಾದರೂ ಕೇಳಿದರೆ ನಾನು ಅದರ ಕೊನೇ ತಾರೀಖು ನೋಡುತ್ತೇನೆ. ಬಣ್ಣ, ಬಟನ್ನು, ಸ್ಟಾರ್ಟ್ ಮೆನು ಎಡಕ್ಕಿದೆಯೋ ನಡುವಿಗಿದೆಯೋ, ಅದೆಲ್ಲ ಆಮೇಲೆ.

ಈ ಲೆಕ್ಕದಲ್ಲಿ ಭಾವಮೈದರ ಮಾತು ಮೊದಲು ಬಿದ್ದು ಹೋಗುತ್ತದೆ. ವಿಂಡೋಸ್ 7 ಚೆನ್ನಾಗಿತ್ತು, ಒಪ್ಪಿದೆ. ನನಗೂ ಇಷ್ಟವಿತ್ತು. ಅದರ ಕೊನೇ ತಾರೀಖು 2020ರ ಜನವರಿ 14. ಕ್ರೋಮ್ ಬ್ರೌಸರ್ ಕೂಡ 109ನೇ ವರ್ಷನ್‌ಗೆ ಅದರ ಕೈ ಬಿಟ್ಟಿತು. ಆ ಬ್ರೌಸರ್‌ನಲ್ಲಿ ಬ್ಯಾಂಕ್ ಪಾಸ್‌ವರ್ಡ್ ಒತ್ತುವುದು ಬೇಡ.

ರಿಪೇರಿ ಹುಡುಗ ಸುಳ್ಳು ಹೇಳುತ್ತಿಲ್ಲ. ನಿಮ್ಮ ಕಂಪ್ಯೂಟರ್‌ಗೆ ವಿಂಡೋಸ್ 11 ಹಾಕಬಹುದು, ಓಡುತ್ತದೆ ಕೂಡ. ಆದರೆ ಹಿಂಬಾಗಿಲಿನಿಂದ. ಹನ್ನೊಂದಕ್ಕೆ ಮೈಕ್ರೋಸಾಫ್ಟ್ ಇಟ್ಟಿರುವ ಷರತ್ತುಗಳಲ್ಲಿ 4 ಜಿಬಿ ರ‍್ಯಾಮ್, 64 ಜಿಬಿ ಜಾಗ, ಸೆಕ್ಯೂರ್ ಬೂಟ್ ಅನ್ನುವ ಕಾವಲು, ಟಿಪಿಎಂ 2.0 ಅನ್ನುವ ಭದ್ರತಾ ಚಿಪ್ ಇವೆ. ಜೊತೆಗೆ ಪ್ರೊಸೆಸರ್‌ಗಳ ಒಂದು ಪಟ್ಟಿ ಇದೆ. ಇಂಟೆಲ್‌ನಲ್ಲಿ ಅದು ಹೆಚ್ಚುಕಡಿಮೆ ಎಂಟನೇ ಪೀಳಿಗೆಯಿಂದ ಶುರುವಾಗುತ್ತದೆ. ನಿಮ್ಮ 6100ರಲ್ಲಿ ಮೊದಲ ಅಂಕಿ 6, ಅಂದರೆ ಆರನೇ ಪೀಳಿಗೆ. ಕೆಲವರು ಕಂಪ್ಯೂಟರ್‌ನ ಮೂಲ ಸೆಟ್ಟಿಂಗ್ ಇರುವ ಬಯಾಸ್‌ಗೆ ಹೋಗಿ ಪಿಟಿಟಿ ಅನ್ನುವುದನ್ನು ಆನ್ ಮಾಡಿ, ಟಿಪಿಎಂ ಬಂತು, ಎಲ್ಲ ಸರಿಹೋಯ್ತು ಅಂತ ಖುಷಿಪಡುತ್ತಾರೆ. ಟಿಪಿಎಂ ಬಂದಿರುತ್ತದೆ, ನಿಜ. ಪ್ರೊಸೆಸರ್ ಪಟ್ಟಿಯಲ್ಲಿ ಹೆಸರು ಬಂದಿರುವುದಿಲ್ಲ.

ಪಟ್ಟಿಯಲ್ಲಿಲ್ಲದ ಕಂಪ್ಯೂಟರ್‌ಗೆ ಅಪ್‌ಡೇಟ್ ಕೊಡಲೇಬೇಕೆಂಬ ಹೊಣೆ ತನಗಿಲ್ಲ ಅಂತ ಮೈಕ್ರೋಸಾಫ್ಟ್ ಮೊದಲೇ ಹೇಳಿಬಿಟ್ಟಿದೆ. ಸದ್ಯಕ್ಕೆ ತಿಂಗಳ ಅಪ್‌ಡೇಟ್ ಬರುತ್ತವೆ. ವರ್ಷಕ್ಕೊಂದು ಬರುವ ದೊಡ್ಡ ವರ್ಷನ್ ಮಾತ್ರ ತಾನಾಗಿ ಬರುವುದಿಲ್ಲ, ಪೆನ್‌ಡ್ರೈವ್ ಹಿಡಿದು ಮತ್ತೆ ಹಿಂಬಾಗಿಲು ತಟ್ಟಬೇಕು. ಆಗೆಲ್ಲ ಆ ಹುಡುಗ ಬರಬೇಕು, ಅವನಿಗೆ ದುಡ್ಡು ಕೊಡಬೇಕು. ಮೊಮ್ಮಗ ಆಟ ಆಡುವ ಕಂಪ್ಯೂಟರ್ ಆಗಿದ್ದರೆ ಹಾಕಿಸಿ, ನೋಡೋಣ ಅಂತಿದ್ದೆ. ಅಂಗಡಿ ಲೆಕ್ಕ ಇರುವ ಕಂಪ್ಯೂಟರ್‌ಗೆ ನಾನು ಒಪ್ಪುವುದಿಲ್ಲ.

ಇಲ್ಲೇ ಒಂದು ಮಾತು. 'ಲೈಟ್' ವಿಂಡೋಸ್ ಅಂತ, ಯಾರೋ ಕತ್ತರಿಸಿ ಹಗುರ ಮಾಡಿದ ಕಾಪಿಗಳು ಓಡಾಡುತ್ತವೆ. ಕತ್ತರಿಸಿದವರು ಯಾರು, ಏನು ತೆಗೆದರು, ಏನು ಸೇರಿಸಿದರು, ಗೊತ್ತಾಗುವುದಿಲ್ಲ. ಅದಕ್ಕೆ ಕೀ ಕೊಡುವ ಆಕ್ಟಿವೇಟರ್ ಓಡಿಸಲು ಮೊದಲು ಆಂಟಿವೈರಸ್ ಆಫ್ ಮಾಡಿ ಅಂತಾರೆ. ಕಾವಲುಗಾರನನ್ನು ಮನೆಗೆ ಕಳಿಸಿ, ಆಮೇಲೆ ಬರ್ತೀನಿ ಅಂದ ಹಾಗಾಯ್ತು, ಅಲ್ವಾ?

ಸರಿ, ಹತ್ತರಲ್ಲೇ ಇದ್ದರೆ? ಕೊಂಚ ಕಾಲ ಇರಬಹುದು. ಮನೆ ಬಳಕೆಯವರಿಗೆ ಮೈಕ್ರೋಸಾಫ್ಟ್ ಒಂದು ವರ್ಷದ ಹೆಚ್ಚುವರಿ ಅವಧಿ ಕೊಟ್ಟಿದೆ. ಹೆಸರು ಇಎಸ್‌ಯು. 2026ರ ಅಕ್ಟೋಬರ್ 13ರವರೆಗೆ ಭದ್ರತೆಯ ತೇಪೆಗಳು ಬರುತ್ತವೆ. 30 ಡಾಲರ್ ಕೊಟ್ಟು ಸೇರಬಹುದು. ಇಲ್ಲವೇ ನಿಮ್ಮ ಸೆಟ್ಟಿಂಗ್‌ಗಳನ್ನು ಮೈಕ್ರೋಸಾಫ್ಟ್ ಖಾತೆಗೆ ಬ್ಯಾಕಪ್ ಮಾಡಲು ಒಪ್ಪಿದರೆ ಪುಕ್ಕಟೆ. ನಾನಾದರೆ ಪುಕ್ಕಟೆಯದನ್ನೇ ಹಿಡಿಯುತ್ತೇನೆ. ಸೆಟ್ಟಿಂಗ್ಸ್‌ನಲ್ಲಿ 'ಅಪ್‌ಡೇಟ್ ಅಂಡ್ ಸೆಕ್ಯುರಿಟಿ' ತೆರೆಯಿರಿ. ವಿಂಡೋಸ್ ಅಪ್‌ಡೇಟ್ ಪುಟದಲ್ಲಿ 'ಎನ್‌ರೋಲ್ ನೌ' ಅಂತ ಇರುತ್ತದೆ. ಕಾಣದಿದ್ದರೆ ನಿಮ್ಮ ವಿಂಡೋಸ್ 10 ಅದರ ಕೊನೇ ವರ್ಷನ್ ಆದ 22ಎಚ್2 ಹೌದೋ ಅಲ್ಲವೋ ನೋಡಿ. ವಿಂಡೋಸ್ ಕೀ ಜೊತೆ ಆರ್ ಒತ್ತಿ, ವಿನ್‌ವರ್ ಅಂತ ಇಂಗ್ಲಿಷ್‌ನಲ್ಲಿ ಟೈಪ್ ಮಾಡಿದರೆ ತೋರಿಸುತ್ತದೆ. ಅದಕ್ಕಿಂತ ಹಳೆಯದಿದ್ದರೆ ಮೊದಲು ಅಲ್ಲಿಗೆ ಬರಬೇಕು. ಇದನ್ನು ಇವತ್ತೇ ಮಾಡಿ. ಮಿಕ್ಕಿದ್ದೆಲ್ಲ ನಿಧಾನಕ್ಕೆ ಮಾಡಬಹುದು.

ಆ ತಾರೀಖಿನ ನಂತರ ಏನು ಅನ್ನುವಾಗ ತಂಗಿ ಮಗನ ಮಾತಿಗೆ ಬೆಲೆ ಬರುತ್ತದೆ. ಅವನು ಹೇಳಿದ್ದು ಅರ್ಧ ಸರಿ. ಯಾರಿಗೆ ಸರಿ ಅನ್ನುವುದೇ ಪ್ರಶ್ನೆ.

ಸೊಸೆಗೆ ಸರಿಯಲ್ಲ. ಟ್ಯಾಲಿ ವಿಂಡೋಸ್‌ಗಾಗಿ ಬರೆದ ತಂತ್ರಾಂಶ. ವೈನ್ ಅನ್ನುವ ಉಪಾಯದಿಂದ ಲಿನಕ್ಸ್ ಮೇಲೆ ಓಡಿಸಿದವರು ಇದ್ದಾರೆ. ಹಾಗೆ ಓಡಿಸಿ, ಜಿಎಸ್‌ಟಿ ಕಟ್ಟುವ ಕೊನೇ ದಿನ ಅದು ಕೈಕೊಟ್ಟರೆ ತಂಗಿ ಮಗ ಬೆಂಗಳೂರಿನಿಂದ ಓಡಿ ಬರುತ್ತಾನಾ? ಲೆಕ್ಕದ ಕೆಲಸಕ್ಕೆ ವಿಂಡೋಸೇ ಇರಲಿ, ಅದೂ ಮುಂಬಾಗಿಲಿನಿಂದ ಬಂದ ವಿಂಡೋಸ್.

ನಿಮಗೆ ಸರಿ. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಯಾಕಂದರೆ ನುಡಿ ಇಲ್ಲದೆ ಹೇಗೆ ಅಂತ ನೀವು ತಕ್ಷಣ ಕೇಳುತ್ತೀರಿ. ನಿಮ್ಮ ಬೆರಳಿಗೆ ಅಭ್ಯಾಸ ಆಗಿರುವುದು ಕೆ.ಪಿ. ರಾವ್ ಅವರ ಕೀಲಿಮಣೆ ವಿನ್ಯಾಸ. ನುಡಿಯಲ್ಲಿರುವುದು ಅದೇ. ಆ ವಿನ್ಯಾಸ ಲಿನಕ್ಸ್‌ನಲ್ಲೂ ಇದೆ. ಐಬಸ್ ಮತ್ತು ಎಂ17ಎನ್ ಅನ್ನುವ ಪುಟ್ಟ ಪ್ಯಾಕೇಜ್‌ಗಳನ್ನು ಹಾಕಿಕೊಂಡರೆ ಕನ್ನಡದ ಪಟ್ಟಿಯಲ್ಲಿ ಕೆಜಿಪಿ ಅಂತ ಕಾಣುತ್ತದೆ. ನುಡಿಯನ್ನು ಮಾಡಿದ ಕನ್ನಡ ಗಣಕ ಪರಿಷತ್ತಿನ ಹೆಸರನ್ನು ಇಂಗ್ಲಿಷ್ ಲಿಪಿಯಲ್ಲಿ ಬರೆದಾಗ ಬರುವ ಮೊದಲಕ್ಷರಗಳು ಅವು. ಅದನ್ನು ಆರಿಸಿಕೊಂಡರೆ ಬೆರಳಿಗೆ ಹೊಸ ಪಾಠ ಬೇಕಿಲ್ಲ. ಅಕ್ಷರ ಬೀಳುವುದು ಎಲ್ಲ ಕಂಪ್ಯೂಟರ್‌ಗೂ ಅರ್ಥವಾಗುವ ಯೂನಿಕೋಡ್ ಸಂಕೇತದಲ್ಲಿ. ಗುಬ್ಬಿ, ನವಿಲು ಅನ್ನುವ ಚೆಂದದ ಕನ್ನಡ ಫಾಂಟುಗಳೂ ಅಲ್ಲೇ ಸಿಗುತ್ತವೆ. ಹೆಸರು ನೋಡಿಯೇ ನನಗೆ ಅವು ಇಷ್ಟ.

ತೊಡಕು ಹಳೇ ಬರಹಗಳದ್ದು. ಮೊದಲಿನ ನುಡಿ ಫಾಂಟುಗಳಲ್ಲಿ ಒತ್ತಿದ ಕಡತದೊಳಗೆ ನಿಜವಾಗಿ ಇರುವುದು ಇಂಗ್ಲಿಷ್ ಅಕ್ಷರಗಳ ಸಂಕೇತ. ಫಾಂಟು ಅದಕ್ಕೆ ಕನ್ನಡದ ವೇಷ ಹಾಕುತ್ತದೆ, ಅಷ್ಟೇ. ಫಾಂಟು ಇಲ್ಲದ ಕಂಪ್ಯೂಟರ್‌ನಲ್ಲಿ ತೆರೆದರೆ ವೇಷ ಕಳಚಿ ಏನೇನೋ ಕಾಣುತ್ತದೆ. ಆ ಫಾಂಟಿನ ಕಡತವನ್ನು ಲಿನಕ್ಸ್‌ಗೂ ನಕಲು ಮಾಡಿಕೊಂಡರೆ ಲಿಬ್ರೆಆಫೀಸ್‌ನಲ್ಲಿ ಓದಬಹುದು. ಅದಕ್ಕಿಂತ ಒಳ್ಳೆಯದು ಯೂನಿಕೋಡ್‌ಗೆ ಪರಿವರ್ತನೆ ಮಾಡಿಬಿಡುವುದು. ಪರಿವರ್ತಕಗಳು ಪುಕ್ಕಟೆ ಸಿಗುತ್ತವೆ. ಒತ್ತಕ್ಷರ, ಅರ್ಕಾವತ್ತು ಇರುವ ಕಡೆ ಒಮ್ಮೆ ಕಣ್ಣಾಡಿಸಿ, ಅಲ್ಲಿ ತಪ್ಪು ನುಸುಳುವುದುಂಟು. ಕನ್ನಡ ಮೇಷ್ಟ್ರಿಗೆ ಇದನ್ನು ನಾನು ಹೇಳಬೇಕಾ! ನೀವು ಹತ್ತರಲ್ಲೇ ಇರಿ, ಹನ್ನೊಂದಕ್ಕೇ ಹೋಗಿ, ಈ ಕೆಲಸ ಮಾತ್ರ ತಪ್ಪಿಸಬೇಡಿ. ಹತ್ತು ವರ್ಷದ ಬರಹ ಒಂದು ಫಾಂಟಿಗೆ ಜೋತುಬಿದ್ದಿರುವುದು ಸರಿಯಲ್ಲ.

ಲಿನಕ್ಸ್‌ನಲ್ಲಿ ಯಾವುದು? ಮನೆಗೆ ನಾನು ಹಾಕಿಕೊಡುವುದು ಲಿನಕ್ಸ್ ಮಿಂಟ್. ಸ್ಟಾರ್ಟ್ ಮೆನು ಇರುವ ಕಡೆಯೇ ಮೆನು ಇರುತ್ತದೆ, ಗಾಬರಿ ಆಗುವುದಿಲ್ಲ. ಇಲ್ಲೂ ತಾರೀಖಿನ ಲೆಕ್ಕವೇ. ಮಿಂಟ್‌ಗೆ ಬುನಾದಿಯಾದ ಉಬುಂಟು ಅನ್ನುವ ಇನ್ನೊಂದು ಲಿನಕ್ಸ್‌ನಲ್ಲಿ ಎರಡು ಬಗೆ ಇದೆ. ಎರಡು ವರ್ಷಕ್ಕೊಮ್ಮೆ ಏಪ್ರಿಲ್‌ನಲ್ಲಿ ಬರುವ ಎಲ್‌ಟಿಎಸ್‌ಗೆ 5 ವರ್ಷ ಆರೈಕೆ. ನಡುನಡುವೆ ಬರುವವಕ್ಕೆ 9 ತಿಂಗಳು ಮಾತ್ರ. ನಂಬರ್ ಹೊಸದು ಅಂತ ನಡುವಿನದನ್ನು ಹಾಕಿಕೊಂಡರೆ ವರ್ಷ ತುಂಬುವ ಮುಂಚೆ ಮತ್ತೆ ಇದೇ ಪ್ರಶ್ನೆ ಕೇಳುತ್ತೀರಿ. ಮಿಂಟ್ 22 ನಿಂತಿರುವುದು ಉಬುಂಟು 24.04 ಎಲ್‌ಟಿಎಸ್ ಮೇಲೆ, 2029ರವರೆಗೆ ಆರೈಕೆ ಇದೆ. 4 ಜಿಬಿಯಲ್ಲೇ ಉಳಿಯುವುದಾದರೆ ಅದರ ಎಕ್ಸ್‌ಎಫ್‌ಸಿಇ ಆವೃತ್ತಿ ಹಗುರ. 8 ಜಿಬಿ ಮಾಡಿಸಿದರೆ ಸಿನಮನ್ ಹಾಕಿ.

ಹಾಕುವ ಮುಂಚೆ ಪೆನ್‌ಡ್ರೈವ್‌ನಿಂದಲೇ ಓಡಿಸಿ ನೋಡಬಹುದು. ಡಿಸ್ಕ್‌ಗೆ ಏನೂ ಆಗುವುದಿಲ್ಲ. ಮನೆಯ ವೈಫೈ, ಸ್ಪೀಕರ್, ಪ್ರಿಂಟರ್ ಮೂರನ್ನೂ ಆಗಲೇ ಪರೀಕ್ಷಿಸಿ. ಪ್ರಿಂಟರ್ ಅಂತ ಒತ್ತಿ ಹೇಳುವುದಕ್ಕೆ ಕಾರಣ ನಾನೇ ಮಾಡಿದ ಎಡವಟ್ಟು. ಕುವೆಂಪುನಗರದಲ್ಲಿ ನಮ್ಮ ಮಾವನವರ ಕಂಪ್ಯೂಟರ್‌ಗೆ ಒಂದು ಭಾನುವಾರ ಹುಮ್ಮಸ್ಸಿನಲ್ಲಿ ಲಿನಕ್ಸ್ ಹಾಕಿಬಿಟ್ಟೆ. ಎಲ್ಲ ಚೆನ್ನಾಗಿತ್ತು. ಅವರ ಹಳೇ ಲೇಸರ್ ಪ್ರಿಂಟರ್ ಮಾತ್ರ ಜಪ್ಪಯ್ಯ ಅನ್ನಲಿಲ್ಲ. ಕೆಲವು ಸಣ್ಣ ಲೇಸರ್ ಪ್ರಿಂಟರ್‌ಗಳು ಕಂಪನಿಯ ಸ್ವಂತ ಗುಟ್ಟಿನ ಭಾಷೆಯಲ್ಲಿ ಮಾತ್ರ ಮಾತಾಡುತ್ತವೆ, ಲಿನಕ್ಸ್‌ಗೆ ಅದು ಅರ್ಥವಾಗುವುದಿಲ್ಲ. ಎರಡು ವಾರ ಮಾವನವರು ಪೆನ್‌ಡ್ರೈವ್ ಹಿಡಿದು ಜೆರಾಕ್ಸ್ ಅಂಗಡಿಗೆ ಹೋಗಿ ಬಂದರು. ಏನೂ ಅನ್ನಲಿಲ್ಲ. ಅದೇ ಕಷ್ಟವಾಗಿದ್ದು.

ಮೊಮ್ಮಗನ ಬಗ್ಗೆ ಯೋಚನೆ ಬೇಡ. ಬ್ರೌಸರ್, ಪಾಠದ ವಿಡಿಯೋ, ಪೈಥಾನ್ ಎಲ್ಲ ಎರಡರಲ್ಲೂ ನಡೆಯುತ್ತದೆ. ಅವನು ನಿಮಗಿಂತ ಬೇಗ ಒಗ್ಗಿಕೊಳ್ಳುತ್ತಾನೆ.

ಹಾಗಾದರೆ ಟ್ಯಾಲಿ? 2026ರ ಅಕ್ಟೋಬರ್ ಒಳಗೆ ಸೊಸೆಗೆ ಬೇರೆ ಕಂಪ್ಯೂಟರ್ ನೋಡಿ. ಹೊಸದೇ ಆಗಬೇಕೆಂದಿಲ್ಲ. ಕಂಪನಿಗಳು ಬಳಸಿ ಬಿಟ್ಟ ರೀಫರ್ಬಿಷ್ಡ್ ಲ್ಯಾಪ್‌ಟಾಪ್ ಲೆಕ್ಕದ ಕೆಲಸಕ್ಕೆ ಧಾರಾಳವಾಯ್ತು. ಕೊಳ್ಳುವಾಗ ಪ್ರೊಸೆಸರ್ ನಂಬರ್ ಓದಿ. ಐ5-8250ಯು ಅಂದರೆ ಎಂಟನೇ ಪೀಳಿಗೆ. ಐ5-10210ಯು ಅಂದರೆ ಹತ್ತನೆಯದು, ಅಂಕಿ ಐದಿದ್ದರೆ ಮೊದಲ ಎರಡನ್ನು ಓದಬೇಕು. 7200ಯು ಇರುವುದನ್ನು ಭಾರೀ ಕಡಿಮೆಗೆ ಕೊಡ್ತೀನಿ ಅಂದರೆ ಯಾಕೆ ಅಂತ ಈಗ ನಿಮಗೆ ಗೊತ್ತು. ಅನುಮಾನ ಬಂದರೆ ಮೈಕ್ರೋಸಾಫ್ಟ್‌ನ ಪಿಸಿ ಹೆಲ್ತ್ ಚೆಕ್ ಅನ್ನುವ ಪುಟ್ಟ ತಂತ್ರಾಂಶವನ್ನು ಅಂಗಡಿಯಲ್ಲೇ ಓಡಿಸಿ ತೋರಿಸಲು ಹೇಳಿ.

ಹನ್ನೊಂದರಲ್ಲೂ ಒಳವರ್ಷನ್‌ಗಳಿವೆ. 25ಎಚ್2 ಅಂದರೆ 2025ರ ಎರಡನೇ ಅರ್ಧದ್ದು. ಹೋಮ್ ಆವೃತ್ತಿಗೆ ಪ್ರತಿಯೊಂದಕ್ಕೂ 24 ತಿಂಗಳ ಆರೈಕೆ. 23ಎಚ್2ರದ್ದು 2025ರ ನವೆಂಬರ್‌ನಲ್ಲೇ ಮುಗಿಯಿತು. ಅಂಗಡಿಯವರು ಹಳೇ ಪೆನ್‌ಡ್ರೈವ್‌ನಿಂದ ಅದನ್ನೇ ಹಾಕಿ ಕೊಡುವುದುಂಟು, ವಿನ್‌ವರ್ ಒತ್ತಿ ನೋಡಿ. ವರ್ಷದ ದೊಡ್ಡ ವರ್ಷನ್ ಬಂದ ದಿನವೇ ಹಾಕಿಕೊಳ್ಳುವ ಆತುರ ಬೇಡ, ಎರಡು ತಿಂಗಳು ಬಿಟ್ಟು ಹಾಕಿದರೆ ನಡೆಯುತ್ತದೆ. ತಿಂಗಳ ಭದ್ರತೆಯ ತೇಪೆಯನ್ನು ಮಾತ್ರ ಮುಂದೂಡಬೇಡಿ. ಪ್ರೊ ಬೇಕಾ ಅಂತ ಕೇಳಿದರೆ ಬೇಡ, ಹೋಮ್ ಸಾಕು. ಇನ್ನೊಂದು, 24ಎಚ್2ರಿಂದ ಈಚೆಗೆ ಹೊಸದಾಗಿ ಹಾಕಿ ಮೈಕ್ರೋಸಾಫ್ಟ್ ಖಾತೆಯಿಂದ ಒಳಗೆ ಹೋದರೆ ಡಿಸ್ಕ್‌ಗೆ ತಾನಾಗಿ ಗೂಢಲಿಪಿಯ ಬೀಗ ಬೀಳುತ್ತದೆ. ಮುಂದೆಂದಾದರೂ ಅದು 48 ಅಂಕಿಯ ಕೀ ಕೇಳಬಹುದು. ಆ ಕೀ ಖಾತೆಯಲ್ಲೇ ಇರುತ್ತದೆ. ಒಂದು ಸಲ ತೆಗೆದು ಸೊಸೆಯ ಡೈರಿಯಲ್ಲಿ ಬರೆದಿಡಿ.

ಯಾವಾಗ ಮಾಡಬೇಕು ಅನ್ನುವುದೂ ಮುಖ್ಯ. ಇಎಸ್‌ಯು ಇವತ್ತು. ಬ್ಯಾಕಪ್ ಈ ವಾರ. ಡೆಸ್ಕ್‌ಟಾಪ್ ಮೇಲೆ ಇಟ್ಟಿದ್ದೀವಿ, ಏನಾಗಲ್ಲ ಅಂತ ಬಹಳ ಜನ ಅಂದುಕೊಂಡಿರುತ್ತಾರೆ. ಡೆಸ್ಕ್‌ಟಾಪ್ ಇರುವುದೇ ಸಿ ಡ್ರೈವ್ ಒಳಗೆ. ಫಾರ್ಮ್ಯಾಟ್ ಮಾಡಿದರೆ ಮೊದಲು ಹೋಗುವುದು ಅದೇ. ಟ್ಯಾಲಿಯ ಡೇಟಾ ಫೋಲ್ಡರ್ ಎಲ್ಲಿದೆ ಅಂತಲೂ ಸೊಸೆಯನ್ನು ಕೇಳಿ ನಕಲು ಮಾಡಿಕೊಳ್ಳಿ.

ಎಸ್‌ಎಸ್‌ಡಿ ಹಾಕಿಸುವಾಗ ರಿಪೇರಿ ಹುಡುಗನನ್ನೇ ಕರೆಯಿರಿ, ಅವನಿಗೂ ಕೆಲಸ ಆಯ್ತು. ಫಾರ್ಮ್ಯಾಟ್ ಬೇಡ, ಈಗಿರುವುದನ್ನು ಹಾಗೇ ಕ್ಲೋನ್ ಮಾಡು ಅಂತ ಹೇಳಿ. ಬೋರ್ಡ್ ಅದೇ ಇರುವುದರಿಂದ ವಿಂಡೋಸ್ ಲೈಸೆನ್ಸ್‌ಗೆ ತೊಂದರೆ ಇಲ್ಲ. ಬಿಚ್ಚಿದ ಹಳೇ ಡಿಸ್ಕನ್ನು ಆರು ತಿಂಗಳು ಬೀರುವಿನಲ್ಲಿಡಿ, ಏನಾದರೂ ಬಿಟ್ಟುಹೋಗಿದ್ದರೆ ಅದರಲ್ಲಿರುತ್ತದೆ.

ಟ್ಯಾಲಿಯನ್ನು ಹೊಸ ಲ್ಯಾಪ್‌ಟಾಪ್‌ಗೆ ಸಾಗಿಸುವ ಮುಂಚೆ ಹಳೆಯದರಲ್ಲಿ ಲೈಸೆನ್ಸ್ ಸರೆಂಡರ್ ಮಾಡಬೇಕು, ಮರೆಯಬೇಡಿ. ಡಿಸ್ಕ್ ಬದಲಿಸುವುದು, ಟ್ಯಾಲಿ ಸಾಗಿಸುವುದು, ಎರಡನ್ನೂ ಮಾರ್ಚ್ 31ರ ಲೆಕ್ಕ ಮುಗಿಯುವ ತನಕ ಮುಟ್ಟಬೇಡಿ. ಏಪ್ರಿಲ್ ಎರಡನೇ ವಾರದ ಹೊತ್ತಿಗೆ ಮೊಮ್ಮಗನಿಗೂ ಬೇಸಿಗೆ ರಜೆ ಶುರುವಾಗಿರುತ್ತದೆ. ಮಿಂಟ್ ಪೆನ್‌ಡ್ರೈವ್ ಮಾಡುವುದನ್ನು ಅವನ ಕೈಗೆ ಕೊಡಿ. ಪ್ರಿಂಟರ್ ಪರೀಕ್ಷೆ ಮಾತ್ರ ನೀವೇ ಮಾಡಿ.